ಸಂಸತ್ತಿನ ಬಾಗಿಲು ತೆರೆದಿದೆ, ಒಳಹೊಕ್ಕು ನೋಡುವವರಾರು?

ಕ್ರಿಕೆಟ್ ಆಟದಲ್ಲಿ 'ಎಲ್.ಬಿ.ಡಬ್ಲ್ಯು.' ಎಂದರೇನೆಂದು ನಗರದ ಯಾವ ಮನೆಯ ಹುಡುಗನನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ಚೆಂಡು ಎಲ್ಲಿ ಪುಟವೆದ್ದಿತು, ಕಾಲಿಗೆ ಎಲ್ಲಿ ತಗುಲಿತು, ಅಂಪೈರು ಕೈಯೆತ್ತಬೇಕಾಗಿತ್ತೋ ಬೇಡವೋ ಎಂಬುದನ್ನು ಆತ ನುರಿತ ವಕೀಲನಂತೆ ವಾದಿಸಬಲ್ಲ. ಅದೇ ಮನೆಯ ಹಿರಿಯರನ್ನು, ಒಂದು ಮಸೂದೆಯು ಕಾಯಿದೆಯಾಗುವುದು ಹೇಗೆಂದು ಕೇಳಿದರೆ, "ಅದೆಲ್ಲ ದೆಹಲಿಯವರ ವ್ಯವಹಾರ" ಎಂದು ಪತ್ರಿಕೆಯ ಪುಟವನ್ನು ತಿರುವಿಹಾಕುವುದೇ ಹೆಚ್ಚು. ಆಟದಲ್ಲಿ ಸೋತರೆ ಹಾಳಾಗುವುದು ಒಂದು ಸಂಜೆಯ ಸಂತೋಷ ಮಾತ್ರ. ಸದನದ ತೀರ್ಮಾನವಾದರೋ ಮನೆಯ ತೆರಿಗೆ, ಮಗನ ಉದ್ಯೋಗ, ಮಗಳ ಆಸ್ತಿಯ ಹಕ್ಕು, ಅಜ್ಜಿಯ ಪಿಂಚಣಿ ಎಲ್ಲವನ್ನೂ ಮುಟ್ಟುತ್ತದೆ.

ದೆಹಲಿ ದೂರ ಎಂಬುದು ಹಳೆಯ ಮಾತು. ಇಂದು ಮನೆಮನೆಯಲ್ಲಿಯೂ ಮೊಬೈಲಿದೆ, ಅದರಲ್ಲಿ ಅಂತರ್ಜಾಲವಿದೆ. ಲೋಕಸಭೆ, ರಾಜ್ಯಸಭೆಗಳಲ್ಲಿ ಯಾರು ಏನು ಕೇಳಿದರು, ಮಂತ್ರಿಗಳು ಏನು ಉತ್ತರವಿತ್ತರು, ಯಾವ ಮಸೂದೆಯು ಯಾವ ಹಂತದಲ್ಲಿದೆ ಎಂಬುದೆಲ್ಲವೂ ಕಾಸಿನ ಖರ್ಚಿಲ್ಲದೆ ಅಲ್ಲಿ ದೊರೆಯುತ್ತದೆ. ಬಾಗಿಲು ತೆರೆದಿದೆ. ಆದರೆ ಈ ಬಾಗಿಲು ತಾನಾಗಿ ತೆರೆದುಕೊಂಡದ್ದಲ್ಲವೆಂಬುದನ್ನು ಮೊದಲು ನೆನೆಯಬೇಕು.

ಬಾಗಿಲು ತೆರೆದ ಕಥೆ

ಸದನದೊಳಗೆ ಸದಸ್ಯರು ಆಡಿದ ಮಾತಿಗೆ ಸಂವಿಧಾನದ ರಕ್ಷಣೆಯಿದೆ. ಅದಕ್ಕಾಗಿ ಅವರನ್ನು ಯಾವ ನ್ಯಾಯಾಲಯಕ್ಕೂ ಎಳೆಯುವಂತಿಲ್ಲ. ಆದರೆ ಅದೇ ಮಾತನ್ನು ಅಚ್ಚುಹಾಕಿದ ಪತ್ರಿಕೆಗೆ ಆ ರಕ್ಷಣೆಯಿರಲಿಲ್ಲ. ಸದನದಲ್ಲಿ ಒಬ್ಬ ಸದಸ್ಯರು ದೊಡ್ಡ ಕುಳವೊಂದರ ಮೋಸವನ್ನು ಬಯಲಿಗೆಳೆದರೆ, ಅದನ್ನು ಯಥಾವತ್ತಾಗಿ ವರದಿ ಮಾಡಿದ ಸಂಪಾದಕರು ಮಾನನಷ್ಟ ಮೊಕದ್ದಮೆಗೆ ಅಂಜಬೇಕಾಗಿತ್ತು. ಈ ಅಂಜಿಕೆಯನ್ನು ಕಳೆಯಲು ರಾಯ್‌ಬರೇಲಿಯ ಸದಸ್ಯರಾಗಿದ್ದ ಫಿರೋಜ್ ಗಾಂಧಿಯವರು ಖಾಸಗಿ ಮಸೂದೆಯೊಂದನ್ನು ತಂದರು. 1956ರಲ್ಲಿ ಅದು ಕಾಯಿದೆಯಾಯಿತು. ದ್ವೇಷಬುದ್ಧಿಯಿಲ್ಲದೆ ಸದನದ ನಡವಳಿಯನ್ನು ನಿಜವಾಗಿ ವರದಿ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು ಆ ಕಾಯಿದೆ ಸಾರಿತು.

ಮುಂದಿನ ವರ್ಷವೇ ಇಂತಹ ವರದಿಗಳ ಬೆಲೆ ದೇಶಕ್ಕೆ ತಿಳಿಯಿತು. ಆಗತಾನೆ ಸ್ಥಾಪಿತವಾಗಿದ್ದ ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪೆನಿಗಳ ಷೇರುಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿಗಳನ್ನು ತೊಡಗಿಸಿತ್ತು. ಅದು ಸಾಮಾನ್ಯ ಸಂಸಾರಿಗಳು ತಮ್ಮ ಮಕ್ಕಳಿಗಾಗಿ ಕೂಡಿಟ್ಟ ಹಣ. ಈ ವಿಷಯವಾಗಿ ಲೋಕಸಭೆಯಲ್ಲಿ ಪ್ರಶ್ನೆಗಳೆದ್ದವು. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಎದ್ದುನಿಂತು, ತಾವು ಆಡಳಿತ ಪಕ್ಷದವರೆಂಬುದನ್ನಾಗಲಿ ಪ್ರಧಾನಿಯ ಅಳಿಯನೆಂಬುದನ್ನಾಗಲಿ ಲೆಕ್ಕಿಸದೆ ಸರಕಾರವನ್ನು ಹಿಡಿದು ನಿಲ್ಲಿಸಿದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣಾ ಆಯೋಗವು ನೇಮಕವಾಯಿತು; ವಿಚಾರಣೆಯು ಸಾರ್ವಜನಿಕರ ಸಮ್ಮುಖದಲ್ಲಿ ನಡೆಯಿತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಸದನದ ಪ್ರಶ್ನೆಯೊಂದು ಮಂತ್ರಿಯ ಪೀಠವನ್ನೇ ಅಲುಗಿಸಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ತೆರೆದ ಬಾಗಿಲು ಮತ್ತೆ ಮುಚ್ಚಲೂಬಹುದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಆ ಕಾಯಿದೆಯನ್ನು ರದ್ದುಮಾಡಲಾಯಿತು. 1977ರಲ್ಲಿ ಸರಕಾರ ಬದಲಾದಾಗ ಅದು ಮರುಹುಟ್ಟು ಪಡೆಯಿತು. 1978ರಲ್ಲಿ ಅಂಗೀಕೃತವಾದ ಸಂವಿಧಾನದ 44ನೆಯ ತಿದ್ದುಪಡಿಯು 361ಎ ಎಂಬ ವಿಧಿಯನ್ನು ಸೇರಿಸಿ ಈ ರಕ್ಷಣೆಯನ್ನು ಸಂವಿಧಾನದಲ್ಲಿಯೇ ನೆಲೆಗೊಳಿಸಿತು. ಅನಂತರ ಬಂದುದು ದೂರದರ್ಶನದ ಯುಗ. ಲೋಕಸಭೆಗೆ 2006ರಲ್ಲಿಯೂ ರಾಜ್ಯಸಭೆಗೆ 2011ರಲ್ಲಿಯೂ ತಮ್ಮವೇ ಆದ ವಾಹಿನಿಗಳು ದೊರೆತವು. 2021ರಲ್ಲಿ ಅವೆರಡೂ 'ಸಂಸದ್ ಟಿವಿ' ಎಂಬ ಹೆಸರಿನಲ್ಲಿ ಒಂದಾದವು. ಇಂದು ಯೂಟ್ಯೂಬಿನಲ್ಲಿಯೂ ಸದನದ ಕಲಾಪವನ್ನು ಕುಳಿತಲ್ಲಿಯೇ ನೋಡಬಹುದು.

ಸದನದ ಒಂದು ದಿನ

ನೋಡಿದ ಮಾತ್ರಕ್ಕೆ ತಿಳಿಯುವುದೇ? ಅಂಕಣದ ಗೆರೆಗಳ ಅರ್ಥವರಿಯದವನಿಗೆ ಕಬಡ್ಡಿಯೂ ಬರಿಯ ನೂಕುನುಗ್ಗಲೇ. ಆದುದರಿಂದ ಕಲಾಪವನ್ನು ನೋಡುವ ಮುನ್ನ ಆ ದಿನದ 'ಕಾರ್ಯಕಲಾಪ ಪಟ್ಟಿ'ಯನ್ನು ಓದಿಕೊಳ್ಳುವುದು ಒಳ್ಳೆಯದು. ಎರಡೂ ಸದನಗಳ ಅಧಿಕೃತ ಜಾಲತಾಣವಾದ 'ಸಂಸದ್ ಡಾಟ್ ಇನ್'ನಲ್ಲಿ ಅದು ಸಿಗುತ್ತದೆ. ಮದುವೆಯ ಮನೆಯಲ್ಲಿ ಯಾವ ಶಾಸ್ತ್ರದ ಬಳಿಕ ಯಾವ ಶಾಸ್ತ್ರವೆಂದು ಪುರೋಹಿತರು ಹೇಳಿಟ್ಟಂತೆ, ಈ ಪಟ್ಟಿಯಲ್ಲಿ ಅಂದಿನ ಕೆಲಸವೆಲ್ಲ ಅನುಕ್ರಮವಾಗಿ ನಮೂದಾಗಿರುತ್ತದೆ.

ಲೋಕಸಭೆಯಲ್ಲಿ ದಿನವು ಮುಂಜಾನೆ 11 ಗಂಟೆಗೆ ಪ್ರಶ್ನೋತ್ತರ ವೇಳೆಯಿಂದ ಮೊದಲಾಗುತ್ತದೆ. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯ್ದೆರೆಯಾಗಿ ಉತ್ತರ ಕೊಡಬೇಕು. ಉತ್ತರದ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಇಂತಹವು ದಿನಕ್ಕೆ 20 ಮಾತ್ರ. ಚುಕ್ಕೆ ಗುರುತಿಲ್ಲದವಕ್ಕೆ ಲಿಖಿತ ಉತ್ತರ; ಅವು ದಿನಕ್ಕೆ 230ರವರೆಗೆ ಇರಬಹುದು. ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಪ್ರಶ್ನೋತ್ತರ ವೇಳೆಯು ನಡುಹಗಲು 12 ಗಂಟೆಗೆ ಬಂದಿದೆ. ಇನ್ನು, ಪತ್ರಿಕೆಗಳಲ್ಲಿ ದಿನವೂ ಕಾಣುವ 'ಶೂನ್ಯ ವೇಳೆ' ಎಂಬ ಹೆಸರು ನಿಯಮಾವಳಿಯಲ್ಲಿ ಇಲ್ಲವೇ ಇಲ್ಲ. ತುರ್ತಿನ ವಿಷಯಗಳನ್ನು ಎತ್ತಲು ಸದಸ್ಯರು ರೂಢಿಸಿಕೊಂಡು ಬಂದ ಸಂಪ್ರದಾಯವದು.

ಲಿಖಿತ ಉತ್ತರಗಳೆಂದರೆ ಒಣ ಕಡತವೆಂದು ಮೂಗುಮುರಿಯಬಾರದು. ಒಂದು ಜಿಲ್ಲೆಯ ರೈಲು ಮಾರ್ಗದ ಕಾಮಗಾರಿ ಏಕೆ ನಿಂತಿದೆ, ಅಂಚೆ ಕಚೇರಿಯಲ್ಲಿ ಎಷ್ಟು ಹುದ್ದೆಗಳು ಖಾಲಿಯಿವೆ, ಒಂದು ಯೋಜನೆಗೆ ಬಿಡುಗಡೆಯಾದ ಹಣವೆಷ್ಟು ಎಂಬಂತಹ ಪ್ರಶ್ನೆಗಳಿಗೆ ಸರಕಾರವು ತನ್ನ ಮುದ್ರೆಯೊತ್ತಿ ಕೊಟ್ಟ ಉತ್ತರಗಳವು. ಮಂತ್ರಾಲಯದ ಹೆಸರು, ಸದಸ್ಯರ ಹೆಸರು ಅಥವಾ ವಿಷಯವನ್ನು ಕೊಟ್ಟು ಹುಡುಕಿದರೆ ಅವು ತೆರೆದುಕೊಳ್ಳುತ್ತವೆ. ಗಾಳಿಮಾತಿಗೂ ಸರಕಾರದ ಉತ್ತರಕ್ಕೂ ಇರುವ ಅಂತರ ಇದೇ: ಉತ್ತರ ತಪ್ಪಾಗಿದ್ದರೆ ಅದಕ್ಕೆ ಹೊಣೆಗಾರರೊಬ್ಬರು ಇರುತ್ತಾರೆ, ಗಾಳಿಮಾತಿಗೆ ತಂದೆತಾಯಿಗಳಿಲ್ಲ.

ಸದನದಲ್ಲಿ ನುಡಿದ ಪ್ರತಿಯೊಂದು ಮಾತನ್ನೂ ವರದಿಗಾರರು ಬರೆದುಕೊಳ್ಳುತ್ತಾರೆ. ಮೊದಲು ತಿದ್ದದ ಪ್ರತಿಯೂ ಅನಂತರ ಪರಿಷ್ಕೃತ ಪ್ರತಿಯೂ ತಾಣದಲ್ಲಿ ಪ್ರಕಟವಾಗುತ್ತವೆ. ಸಭಾಧ್ಯಕ್ಷರು ಅಯೋಗ್ಯವೆಂದು ಕಡತದಿಂದ ತೆಗೆಸಿದ ಮಾತಿನ ಸ್ಥಳದಲ್ಲಿ ನಕ್ಷತ್ರ ಚಿಹ್ನೆಗಳು ಮಾತ್ರ ಉಳಿಯುತ್ತವೆ. ಹಳೆಯ ಚರ್ಚೆಗಳು ಬೇಕಾದವರಿಗೆ ಸಂಸತ್ತಿನ ಡಿಜಿಟಲ್ ಗ್ರಂಥಾಲಯವಿದೆ. ಮೊದಲನೆಯ ಲೋಕಸಭೆಯು 1952ರ ಮೇ 13ರಂದು ಸೇರಿದಂದಿನಿಂದ ನಡೆದ ಚರ್ಚೆಗಳಷ್ಟೇ ಅಲ್ಲದೆ, ಬ್ರಿಟಿಷರ ಕಾಲದ ಶಾಸನಸಭೆಯ ನಡವಳಿಗಳೂ ಅಲ್ಲಿವೆ. ಕಾಲೇಜಿನ ವಿದ್ಯಾರ್ಥಿಗಳಿಗೆ ಇದೊಂದು ನಿಧಿ.

ಮಗಳ ಪಾಲು ಬಂದ ದಾರಿ

ಮಸೂದೆಯೊಂದು ಕಾಯಿದೆಯಾಗುವ ಬಗೆಯನ್ನು ಅರಿಯಲು ಮನೆಗೆ ಹತ್ತಿರವಾದ ಒಂದು ನಿದರ್ಶನವನ್ನೇ ತೆಗೆದುಕೊಳ್ಳಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಮಗಳಿಗೆ ಇರಲಿಲ್ಲ. ಕರ್ನಾಟಕವು 1994ರಲ್ಲಿ ತನ್ನ ಮಟ್ಟಿಗೆ ತಿದ್ದುಪಡಿ ಮಾಡಿಕೊಂಡಿತಾದರೂ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ದೊರೆಯಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಸೂದೆಯನ್ನು 2004ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. ಇದು ಮೊದಲನೆಯ ವಾಚನ. ಬಳಿಕ ಅದು ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋಯಿತು. ಸಮಿತಿಯ ವರದಿ ಬಂದಮೇಲೆ ಸದನದಲ್ಲಿ ಚರ್ಚೆ ಹಾಗೂ ಖಂಡ ಖಂಡವಾಗಿ ಪರಿಶೀಲನೆ. ಇದು ಎರಡನೆಯ ವಾಚನ. ಕೊನೆಗೆ ಮಸೂದೆಯನ್ನು ಅಂಗೀಕರಿಸಬೇಕೆಂಬ ಸೂಚನೆ, ಇದು ಮೂರನೆಯದು. ಇನ್ನೊಂದು ಸದನದಲ್ಲಿಯೂ ಒಪ್ಪಿಗೆ ದೊರೆತು, ರಾಷ್ಟ್ರಪತಿಗಳ ಅಂಕಿತವಾಗಿ, 2005ರ ಸೆಪ್ಟೆಂಬರ್ 9ರಂದು ಅದು ಜಾರಿಗೆ ಬಂದಿತು. ಈಗ ಮಗಳಿಗೂ ಮಗನಷ್ಟೇ ಪಾಲು.

ಈ ದಾರಿಯ ಪ್ರತಿಯೊಂದು ಮೈಲಿಗಲ್ಲನ್ನೂ ಅಂತರ್ಜಾಲದಲ್ಲಿ ಕಾಣಬಹುದು. ಮಸೂದೆಯ ಮೂಲಪಾಠವೂ ಅದನ್ನು ತರಲು ಕಾರಣವೇನೆಂಬ ಹೇಳಿಕೆಯೂ ಸಂಸತ್ತಿನ ತಾಣದಲ್ಲಿರುತ್ತವೆ. ಕಾಯಿದೆಯಾದ ಮೇಲೆ ಅದರ ಪಾಠ 'ಇಂಡಿಯಾ ಕೋಡ್' ಎಂಬ ಸರಕಾರಿ ತಾಣದಲ್ಲಿ ಸಿಗುತ್ತದೆ. ಕಾನೂನಿನ ಭಾಷೆ ಕಬ್ಬಿಣದ ಕಡಲೆಯಾದವರಿಗೆ 'ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್' ಎಂಬ, 2005ರಲ್ಲಿ ದೆಹಲಿಯಲ್ಲಿ ಆರಂಭವಾದ, ಸರಕಾರಕ್ಕೆ ಸೇರದ ಸಂಸ್ಥೆಯೊಂದು ನೆರವಾಗುತ್ತದೆ. ಪ್ರತಿಯೊಂದು ಮುಖ್ಯ ಮಸೂದೆಯ ಸಾರವನ್ನೂ ಅದರಲ್ಲಿ ವಿಚಾರಮಾಡಬೇಕಾದ ಅಂಶಗಳನ್ನೂ ಅದು ಸರಳವಾದ ಇಂಗ್ಲಿಷಿನಲ್ಲಿ ಕೆಲವೇ ಪುಟಗಳಲ್ಲಿ ಹೇಳುತ್ತದೆ.

ಎಲ್ಲ ಮಸೂದೆಗಳೂ ಇಷ್ಟು ಸಾವಧಾನವಾಗಿ ನಡೆದುಬರುವುದಿಲ್ಲ. ಸಮಿತಿಗೆ ಕಳುಹಿಸಲೇಬೇಕೆಂಬ ಕಡ್ಡಾಯವಿಲ್ಲ. ಕೃಷಿಗೆ ಸಂಬಂಧಿಸಿದ ಮೂರು ಕಾಯಿದೆಗಳನ್ನು ಹಿಂತೆಗೆದುಕೊಳ್ಳುವ ಮಸೂದೆಯು 2021ರ ನವೆಂಬರ್ 29ರಂದು ಒಂದೇ ದಿನ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಅಂಗೀಕೃತವಾಯಿತು. ಎರಡು ಸದನಗಳಿಗೂ ಒಮ್ಮತವಾಗದಿದ್ದರೆ ರಾಷ್ಟ್ರಪತಿಗಳು ಸಂಯುಕ್ತ ಅಧಿವೇಶನವನ್ನು ಕರೆಯಬಹುದು. ಅದಕ್ಕಾಗಿ ಎರಡು ಸದನಗಳೂ ಒಟ್ಟುಗೂಡಿ ಮಸೂದೆಯನ್ನು ಅಂಗೀಕರಿಸಿರುವುದು ಮೂರೇ ಬಾರಿ: ವರದಕ್ಷಿಣೆ ನಿಷೇಧಕ್ಕಾಗಿ 1961ರಲ್ಲಿ, ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿಗಾಗಿ 1978ರಲ್ಲಿ, ಭಯೋತ್ಪಾದನೆಯ ತಡೆಗಾಗಿ 2002ರಲ್ಲಿ. ಹಣಕಾಸಿನ ಮಸೂದೆಗೆ ಮಾತ್ರ ಬೇರೆಯೇ ನ್ಯಾಯ. ರಾಜ್ಯಸಭೆಯು ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ಅದರ ಸಲಹೆಯನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು.

ಕೈಯೆತ್ತಿದವರು ಯಾರು?

ನಮ್ಮ ಸದಸ್ಯರು ಆ ಮಸೂದೆಯ ಪರವಾಗಿ ಮತವಿತ್ತರೇ, ವಿರೋಧವಾಗಿಯೇ ಎಂಬ ಪ್ರಶ್ನೆ ಮತದಾರನಿಗೆ ಸಹಜವಾದುದು. ಇದಕ್ಕೆ ಅನೇಕ ವೇಳೆ ಉತ್ತರವೇ ಇಲ್ಲವೆಂದರೆ ಓದುಗರಿಗೆ ಅಚ್ಚರಿಯಾಗಬಹುದು. ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕೃತವಾಗುತ್ತವೆ. 'ಹೌದು' ಎಂದವರ ದನಿ ದೊಡ್ಡದೋ 'ಇಲ್ಲ' ಎಂದವರದೋ ಎಂದು ಪೀಠದಲ್ಲಿರುವವರು ತೀರ್ಮಾನಿಸುತ್ತಾರೆ. ದನಿಗೆ ಹೆಸರಿಲ್ಲ, ಆದುದರಿಂದ ದಾಖಲೆಯೂ ಇಲ್ಲ. ಸದಸ್ಯರು ಮತವಿಭಜನೆಯನ್ನು ಕೇಳಿ ಪಡೆದಾಗ ಮಾತ್ರ ಹೆಸರುಗಳು ನಡವಳಿಯಲ್ಲಿ ದಾಖಲಾಗುತ್ತವೆ. ಅಂತಹ ಒಂದೊಂದು ಮತದ ಬೆಲೆ 1999ರ ಏಪ್ರಿಲ್ 17ರಂದು ತಿಳಿಯಿತು. ಅಟಲ್ ಬಿಹಾರಿ ವಾಜಪೇಯಿಯವರ ಸರಕಾರವು ಅಂದು 269ಕ್ಕೆ ಎದುರಾಗಿ 270 ಮತಗಳು ಬಿದ್ದು, ಒಂದೇ ಮತದಿಂದ ಉರುಳಿತು. ಸಂವಿಧಾನದ ತಿದ್ದುಪಡಿಗೆ ವಿಶೇಷ ಬಹುಮತವೂ ಎಣಿಕೆಯೂ ಬೇಕೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿಯ ಮಸೂದೆಗೆ ಲೋಕಸಭೆಯಲ್ಲಿ 454 ಮತಗಳು ಪರವಾಗಿಯೂ 2 ಮತಗಳು ವಿರೋಧವಾಗಿಯೂ ಬಿದ್ದುದು ಹೀಗೆಯೇ ದಾಖಲಾಗಿದೆ.

ಇನ್ನೊಂದು ಸಂಗತಿ. 1985ರಲ್ಲಿ ಪಕ್ಷಾಂತರ ನಿಷೇಧಕ್ಕಾಗಿ ಸಂವಿಧಾನಕ್ಕೆ 10ನೆಯ ಅನುಸೂಚಿಯನ್ನು ಸೇರಿಸಿದ ಮೇಲೆ, ಪಕ್ಷದ ವಿಪ್ಪನ್ನು ಮೀರಿ ಮತವಿತ್ತ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಸದಸ್ಯರ ಮತಕ್ಕಿಂತಲೂ ಅವರ ಪ್ರಶ್ನೆಗಳೂ ಭಾಷಣಗಳೂ ಅವರ ಮನಸ್ಸನ್ನು ಹೆಚ್ಚು ತೋರಿಸುತ್ತವೆ. ಪ್ರತಿಯೊಬ್ಬ ಸದಸ್ಯರ ಹಾಜರಿ, ಕೇಳಿದ ಪ್ರಶ್ನೆಗಳು, ಪಾಲ್ಗೊಂಡ ಚರ್ಚೆಗಳು, ತಂದ ಖಾಸಗಿ ಮಸೂದೆಗಳು ಇವುಗಳ ಪಟ್ಟಿಯನ್ನು ಪಿ.ಆರ್.ಎಸ್. ತಾಣವು ಕೊಡುತ್ತದೆ. ಕರ್ನಾಟಕದ 28 ಲೋಕಸಭಾ ಸದಸ್ಯರ, 12 ರಾಜ್ಯಸಭಾ ಸದಸ್ಯರ ವಿವರಗಳನ್ನು ನೋಡಲು ಕೆಲವು ನಿಮಿಷಗಳು ಸಾಕು.

ಆದರೆ ಅಂಕಿಗಳನ್ನು ಕಂಡೊಡನೆ ತೀರ್ಪು ಕೊಡುವುದು ಅವಸರವಾದೀತು. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಅವರು ಪ್ರಶ್ನೆ ಕೇಳುವವರೂ ಅಲ್ಲ, ಉತ್ತರಿಸುವವರು. ಅವರ ಹೆಸರಿನ ಮುಂದೆ ಅಂಕಿಯಿಲ್ಲದಿರುವುದು ಗೈರುಹಾಜರಿಯ ಗುರುತಲ್ಲ. ನೂರು ಪ್ರಶ್ನೆ ಕೇಳಿದವರೆಲ್ಲ ದಕ್ಷರೆಂದೂ ಇಲ್ಲ. ಒಂದೇ ಪ್ರಶ್ನೆಯಿಂದ ಮುಂಧ್ರಾ ಪ್ರಕರಣದಂತಹುದು ಹೊರಬಂದೀತು. ಶಾಲೆಯಲ್ಲಿ ಮಗುವಿನ ಅಂಕಪಟ್ಟಿಯೊಡನೆ ಅದರ ಉತ್ತರಪತ್ರಿಕೆಯನ್ನೂ ಓದುವ ತಂದೆತಾಯಿಗಳಂತೆ, ಮತದಾರನು ಅಂಕಿಯ ಹಿಂದಿರುವ ಮಾತನ್ನೂ ಓದಬೇಕು.

ಕಾಣದ ಕೋಣೆಗಳು

ಟಿವಿಯಲ್ಲಿ ಗದ್ದಲವನ್ನೇ ಕಂಡು ಬೇಸತ್ತವರು, ಸಂಸತ್ತಿನ ಕೆಲಸದ ದೊಡ್ಡ ಪಾಲು ಟಿವಿಗೆ ಕಾಣದ ಕೋಣೆಗಳಲ್ಲಿ ನಡೆಯುತ್ತದೆಂಬುದನ್ನು ಅರಿಯಬೇಕು. ಮಂತ್ರಾಲಯಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 24. ಒಂದೊಂದರಲ್ಲಿಯೂ ಲೋಕಸಭೆಯ 21 ಮಂದಿ, ರಾಜ್ಯಸಭೆಯ 10 ಮಂದಿ. ಹೊರಗೆ ಹಾವು-ಮುಂಗುಸಿಗಳಂತಿರುವ ಪಕ್ಷಗಳ ಸದಸ್ಯರು ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷಸ್ಥಾನವು 1967ರಿಂದ ವಿರೋಧ ಪಕ್ಷದವರಿಗೆ ಸಲ್ಲುವ ಸಂಪ್ರದಾಯವಿದೆ. ಸಭೆಗಳು ಗುಟ್ಟಿನವಾದರೂ ವರದಿಗಳು ಗುಟ್ಟಿನವಲ್ಲ. ಸದನಕ್ಕೆ ಒಪ್ಪಿಸಿದ ಮೇಲೆ ಅವೆಲ್ಲ ತಾಣದಲ್ಲಿ ದೊರೆಯುತ್ತವೆ. ಎಷ್ಟೋ ಸಲ, ಮಸೂದೆಯೊಂದರ ಮೇಲೆ ಅಭಿಪ್ರಾಯಗಳನ್ನು ಕಳುಹಿಸಬೇಕೆಂದು ಸಮಿತಿಯೇ ಸಾರ್ವಜನಿಕರನ್ನು ಕೇಳಿಕೊಳ್ಳುತ್ತದೆ. ಆಗ ಒಬ್ಬ ಗೃಹಿಣಿಯಾಗಲಿ ನಿವೃತ್ತ ಉಪಾಧ್ಯಾಯರಾಗಲಿ ಕಾಗದ ಬರೆದು ತಮ್ಮ ಮಾತನ್ನು ಶಾಸನದ ಮೂಸೆಯವರೆಗೆ ಮುಟ್ಟಿಸಬಹುದು. ಈ ಅವಕಾಶವು ವಾರಗಳ ಮಟ್ಟಿಗಷ್ಟೇ ತೆರೆದಿರುತ್ತದೆ. ತಾಣವನ್ನು ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ದಕ್ಕುತ್ತದೆ.

ಮುಂಗಡಪತ್ರದ ವಿಷಯವೂ ಅಂತೆಯೇ. 2017ರಿಂದ ಫೆಬ್ರವರಿ 1ರಂದು ಮಂಡಿತವಾಗುತ್ತಿರುವ ಅದರ ಭಾಷಣವನ್ನು ಎಲ್ಲರೂ ಕೇಳುತ್ತಾರೆ. ಆದರೆ ಒಂದೊಂದು ಮಂತ್ರಾಲಯದ ಅನುದಾನ ಬೇಡಿಕೆಯನ್ನೂ ಸಮಿತಿಗಳು ಪರೀಕ್ಷಿಸುತ್ತವೆಂಬುದು, ಚರ್ಚೆಗೆ ಗೊತ್ತುಪಡಿಸಿದ ಕಾಲ ಮುಗಿದಾಗ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆಂಬುದು ಹಲವರಿಗೆ ತಿಳಿಯದು. ಆ ಕ್ರಮಕ್ಕೆ 'ಗಿಲೋಟಿನ್' ಎಂದು ಹೆಸರು. ಫ್ರಾನ್ಸಿನಲ್ಲಿ ಅದು ಕತ್ತರಿಸಿದ್ದು ತಲೆಯನ್ನು. ಇಲ್ಲಿ ಕತ್ತರಿಸುವುದು ಮಾತನ್ನು.

ಕನ್ನಡದ ಕಿಟಕಿ

ಇಷ್ಟೆಲ್ಲ ಇದ್ದೂ ಒಂದು ಕೊರತೆ ಎದ್ದು ಕಾಣುತ್ತದೆ. ಈ ತಾಣಗಳು ಬಹುಮಟ್ಟಿಗೆ ಇಂಗ್ಲಿಷು, ಹಿಂದಿಗಳಲ್ಲಿವೆ. ಕನ್ನಡ ಮಾತ್ರ ಬಲ್ಲ ತಾಯಿಗೆ, ತನ್ನ ಪ್ರತಿನಿಧಿಯ ಮಾತು ತನ್ನ ಕಣ್ಣೆದುರಿಗಿದ್ದೂ ಓದಲು ಬಾರದು. ಕನ್ನಡಕ್ಕೆ ಸದನದಲ್ಲಿ ಸ್ಥಾನವಿಲ್ಲವೆಂದಲ್ಲ. ಸಭಾಧ್ಯಕ್ಷರ ಅನುಮತಿಯಿಂದ ಸದಸ್ಯರು ತಾಯ್ನುಡಿಯಲ್ಲಿ ಮಾತನಾಡಬಹುದೆಂದು ಸಂವಿಧಾನದ 120ನೆಯ ವಿಧಿ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲಿಗೆ ಕನ್ನಡದಲ್ಲಿ ಮಾತನಾಡಿದವರೆಂದು ಹೆಸರಾದರು. ಇಂದು ಸದನದಲ್ಲಿ ಕನ್ನಡದ ಏಕಕಾಲಿಕ ಅನುವಾದದ ಏರ್ಪಾಡಿದೆ. ಕಿವಿಗೆ ದೊರೆತ ಕನ್ನಡವು ಕಣ್ಣಿಗೂ ದೊರೆಯಬೇಕಾಗಿದೆ. ಅಲ್ಲಿಯವರೆಗೆ, ಸಂವಿಧಾನದ ಕನ್ನಡ ಅನುವಾದವು ಅಂತರ್ಜಾಲದಲ್ಲಿ ದೊರೆಯುವುದರಿಂದ ಅಲ್ಲಿಂದಲೇ ಓದನ್ನು ಆರಂಭಿಸಬಹುದು.

ಮೂಲಕ್ಕೇ ಹೋಗಬಯಸುವವರಿಗೆ ಬೆಂಗಳೂರಿನ 'ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್' ಸಂಸ್ಥೆಯು ಸಂವಿಧಾನ ರಚನಾಸಭೆಯ ಚರ್ಚೆಗಳನ್ನೆಲ್ಲ ಹುಡುಕಿ ಓದುವಂತೆ ಅಣಿಗೊಳಿಸಿ ಇಟ್ಟಿದೆ. 1946ರ ಡಿಸೆಂಬರ್ 9ರಂದು ಸೇರಿದ ಆ ಸಭೆಯಲ್ಲಿ ಕೆಂಗಲ್ ಹನುಮಂತಯ್ಯನವರೂ ಎಸ್. ನಿಜಲಿಂಗಪ್ಪನವರೂ ಸದಸ್ಯರಾಗಿದ್ದರು; ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಒಂದು ವಿಧಿಯ ಒಂದು ಪದಕ್ಕಾಗಿ ಅಲ್ಲಿ ನಡೆದ ವಾಗ್ವಾದವನ್ನು ಓದಿದವರಿಗೆ, ಈ ಮನೆಯನ್ನು ಕಟ್ಟಿದವರು ಒಂದೊಂದು ಇಟ್ಟಿಗೆಯನ್ನೂ ತಟ್ಟಿ ನೋಡಿ ಇಟ್ಟರೆಂಬುದು ಮನದಟ್ಟಾಗುತ್ತದೆ.

ಇದನ್ನೆಲ್ಲ ಒಂದೇ ದಿನದಲ್ಲಿ ಅರಗಿಸಿಕೊಳ್ಳಬೇಕಾಗಿಲ್ಲ. ಅಧಿವೇಶನದ ಕಾಲದಲ್ಲಿ ವಾರಕ್ಕೊಂದು ಸಂಜೆ, ಅರ್ಧ ಗಂಟೆ ಸಾಕು. ಒಂದು ವಾರ ತಮ್ಮ ಕ್ಷೇತ್ರದ ಸದಸ್ಯರು ಕೇಳಿದ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಓದಬಹುದು. ಇನ್ನೊಂದು ವಾರ ಒಂದು ಮಸೂದೆಯ ಸಾರವನ್ನು ನೋಡಬಹುದು. ಮತ್ತೊಂದು ವಾರ ಹತ್ತು ನಿಮಿಷದ ಚರ್ಚೆಯನ್ನು ಮಕ್ಕಳೊಡನೆ ಕುಳಿತು ಕೇಳಬಹುದು. ಮೊಬೈಲಿಗೆ ಬಂದ ಅರ್ಧ ನಿಮಿಷದ ತುಣುಕನ್ನು ನಾಲ್ವರಿಗೆ ಕಳುಹಿಸುವ ಮುನ್ನ, ಆ ಮಾತಿನ ಹಿಂದುಮುಂದು ಏನಿತ್ತೆಂದು ನಡವಳಿಯಲ್ಲಿ ಹುಡುಕಿ ನೋಡುವ ಅಭ್ಯಾಸ ಬಂದರಂತೂ ಅದೇ ದೊಡ್ಡ ಗೆಲವು.

ಐದು ವರ್ಷಕ್ಕೊಮ್ಮೆ ಬೆರಳಿಗೆ ಹಾಕಿಸಿಕೊಳ್ಳುವ ಶಾಯಿ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಆ ಬೆರಳು ಉಳಿದ ದಿನಗಳಲ್ಲಿ ಏನು ಮಾಡುತ್ತದೆಂಬುದರ ಮೇಲೆ, 1956ರಲ್ಲಿ ತೆರೆದು, ಒಮ್ಮೆ ಮುಚ್ಚಿ, ಮತ್ತೆ ತೆರೆದ ಈ ಬಾಗಿಲು ತೆರೆದೇ ಉಳಿಯುವುದೂ ನಿಂತಿದೆ. ಬಳಸದ ಬಾಗಿಲಿಗೆ ತುಕ್ಕು ಹಿಡಿಯುವುದು ಲೋಕರೂಢಿಯಷ್ಟೆ.